ಆಳು ಸಿಗದ ಊರಲ್ಲಿ ಜನ ಜಾಸ್ತಿಯಾದ ಮಾತು

ಬಣಕಲ್ ಹತ್ತಿರದ ಕಾಫಿ ಬೆಳೆಗಾರರೊಬ್ಬರು ಕುಯ್ಲಿನ ಒಂದು ಮಧ್ಯಾಹ್ನ ಹತ್ತು ನಿಮಿಷದೊಳಗೆ ಎರಡು ಮಾತು ಹೇಳಿದರು. ಕುಯ್ಲಿಗೆ ಆಳು ಸಿಗುತ್ತಿಲ್ಲ, ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದೆ ಎಂಬುದು ಒಂದು. ಭೂಮಿಯ ಮೇಲೆ ಜನ ವಿಪರೀತ ಜಾಸ್ತಿಯಾಗಿದ್ದಾರೆ, ಇನ್ನು ಇದು ತಾಳುವುದಿಲ್ಲ ಎಂಬುದು ಇನ್ನೊಂದು. ಜಗಲಿಯಲ್ಲಿ ಎದುರಿಗೆ ಕೂತಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಊರಿಗೆಲ್ಲ ಅವರು ‘ಟೀಚರು’. 1991, 2001, 2011ರ ಮೂರು ಜನಗಣತಿಗಳಲ್ಲಿ ಈ ಭಾಗದ ಮನೆಮನೆ ಸುತ್ತಿ ತಲೆ ಎಣಿಸಿದವರು.

“ಎರಡರಲ್ಲಿ ಯಾವುದು ನಿಜ ಗೌಡ್ರೇ?” ಎಂದು ಕೇಳಿದರು.

“ಎರಡೂ ನಿಜವೇ ಮಾರಾಯ್ರೆ. ಮೊನ್ನೆ ಬೆಂಗಳೂರಲ್ಲಿ ಮಗನ ಮನೆಗೆ ಹೋಗಿದ್ದೆ. ಹೆಬ್ಬಾಳದಲ್ಲಿ ಕಾರು ನಿಂತದ್ದು ನಿಂತೇ ಇತ್ತು. ಎಲ್ಲಿ ನೋಡಿದ್ರೂ ತಲೆ. ಇಷ್ಟು ಜನಕ್ಕೆ ಅನ್ನ ಎಲ್ಲಿಂದ ತರೋದು, ನೀರು ಎಲ್ಲಿಂದ ತರೋದು?”

“ನೀರು ಇಲ್ಲಿಂದ್ಲೇ ಹೋಗೋದಲ್ವಾ,” ಎಂದು ಟೀಚರು ತೋಟದ ಆಚೆಗೆ ಕೈ ತೋರಿಸಿದರು.

ಹೇಮಾವತಿ ಹುಟ್ಟುವುದು ಇದೇ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಗೊರೂರಿನ ಅಣೆಕಟ್ಟು ದಾಟಿ ಮುಂದೆ ಕಾವೇರಿ ಸೇರುತ್ತದೆ. ಆ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಬೆಂಗಳೂರಿನ ನಲ್ಲಿಗಳಿಗೆ ಮುಟ್ಟಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದ ಯೋಜನೆಯೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ಎತ್ತುವಂಥದ್ದು. ಬಣಕಲ್‌ನ ಮಳೆ ಹರಿದ ದಾರಿಯಲ್ಲೇ ಬಣಕಲ್‌ನ ಮಕ್ಕಳೂ ಇಳಿದು ಹೋಗಿದ್ದಾರೆ. ಈ ಊರಿನವರು ಜನಸಂಖ್ಯೆಯ ಬಗ್ಗೆ ಮಾತಾಡುವಾಗ ಇದನ್ನು ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ಕಾರಿಗೆ ಅಡ್ಡ ನಿಂತ ತಲೆಗಳಲ್ಲಿ ಕೆಲವಾದರೂ ಇಲ್ಲಿಂದ ಹೋದವೇ.

“ಜನ ಎಷ್ಟಿದ್ದಾರೆ ಅಂತ ನಾನು ಪೇಪರಲ್ಲಿ ಓದಿ ತಿಳಿದದ್ದಲ್ಲ, ಬಾಗಿಲು ತಟ್ಟಿ ತಿಳಿದದ್ದು,” ಎಂದರು ಟೀಚರು. “2001ರಲ್ಲಿ ಒಂದು ತೋಟದಲ್ಲಿ ಆಳುಗಳಿರೋ ಲೈನ್ ಮನೆಗಳಿಗೆ ನಂಬರು ಬರೆದಿದ್ದೆ. ಪ್ರತಿ ಬಾಗಿಲಲ್ಲೂ ಮಕ್ಕಳು. ಹೆಸರು ಕೇಳಿದ್ರೆ ನಾಚಿಕೊಂಡು ತಾಯಿ ಸೆರಗಿನ ಹಿಂದೆ ಓಡೋವು. ಹತ್ತು ವರ್ಷ ಬಿಟ್ಟು ಅದೇ ಲೈನಿಗೆ ಹೋದ್ರೆ ಅರ್ಧಕ್ಕರ್ಧ ಬೀಗ. ಬೀಗ ಹಾಕಿದ ಮನೆಗೂ ನಂಬರು ಹಾಕಬೇಕು, ಅದು ನಿಯಮ. ಹೊಸ ನಂಬರು ಬರೆಯೋವಾಗ ಗೋಡೆ ಮೇಲೆ ನಾನೇ ಬರೆದಿದ್ದ ಹಳೇ ನಂಬರು ಇನ್ನೂ ಅಳಿಸಿರಲಿಲ್ಲ. ನಂಬರು ಉಳಿದಿತ್ತು, ಜನ ಇರಲಿಲ್ಲ.”

ಟೀಚರು ಕಂಡದ್ದು ಇಡೀ ಜಿಲ್ಲೆಯ ಕಥೆ ಎಂಬುದನ್ನು ಅಂಕಿಗಳೇ ಹೇಳುತ್ತವೆ. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಹತ್ತು ವರ್ಷದಲ್ಲಿ ಶೇ 15.6ರಷ್ಟು ಏರಿ 6.11 ಕೋಟಿ ಮುಟ್ಟಿತ್ತು. ಬೆಂಗಳೂರು ನಗರ ಜಿಲ್ಲೆಯ ಏರಿಕೆ ಶೇ 47. ರಾಜ್ಯದಲ್ಲಿ ಜನ ಇಳಿದ ಜಿಲ್ಲೆ ಒಂದೇ ಒಂದು, ಅದು ಚಿಕ್ಕಮಗಳೂರು. 1981ರಲ್ಲಿ 9.11 ಲಕ್ಷ, 1991ರಲ್ಲಿ 10.17 ಲಕ್ಷ, 2001ರಲ್ಲಿ 11,40,905 ಎಂದು ಏರುತ್ತಲೇ ಬಂದದ್ದು 2011ರಲ್ಲಿ 11,37,961ಕ್ಕೆ ಇಳಿಯಿತು.

“ಮೂರು ಸಾವಿರವೂ ಇಲ್ಲ. ಅದೆಂಥ ಇಳಿಕೆ!” ಎಂದರು ಬೆಳೆಗಾರರು.

“ಹತ್ತು ವರ್ಷದಲ್ಲಿ ಇಲ್ಲಿ ಮಕ್ಕಳು ಹುಟ್ಟಲಿಲ್ವಾ? ಹುಟ್ಟಿದ್ದು ಸತ್ತದ್ದಕ್ಕಿಂತ ಜಾಸ್ತಿಯೇ. ಅದನ್ನೆಲ್ಲ ಸೇರಿಸಿಯೂ ಮೂರು ಸಾವಿರ ಕಮ್ಮಿ ಬಂತು ಅಂದ್ರೆ, ಊರು ಬಿಟ್ಟವರು ಎಷ್ಟು ಅಂತ ಲೆಕ್ಕ ಹಾಕಿ.”

ಬೆಳೆಗಾರರು ಲೆಕ್ಕ ಹಾಕಲಿಲ್ಲ. ಕಣದ ಕಡೆ ನೋಡಿದರು. ಅಲ್ಲಿ ಅಸ್ಸಾಂನಿಂದ ಬಂದ ಹೆಂಗಸೊಬ್ಬಳು ಉದ್ದನೆಯ ಕೋಲಿಗೆ ಹಲಗೆ ಹೊಡೆದ ಸಲಕರಣೆ ಹಿಡಿದು, ಒಣಗಲು ಹರಡಿದ್ದ ಕಾಫಿ ಹಣ್ಣನ್ನು ಸಾಲು ಸಾಲಾಗಿ ಎಳೆಯುತ್ತಿದ್ದಳು. ಮೇಲಿನ ಕಪ್ಪು ಹಣ್ಣು ಕೆಳಗೆ ಹೋಗಿ, ಕೆಳಗಿನ ಹಸಿ ಕೆಂಪು ಮೇಲೆ ಬರುತ್ತಿತ್ತು. ಸಾಲಿನ ಕೊನೆ ಮುಟ್ಟಿದ ಮೇಲೆ ಅವಳು ತಿರುಗಿ ಮೊದಲಿನಿಂದ ಶುರು ಮಾಡುತ್ತಿದ್ದಳು.

ಮಲೆನಾಡಿಗೆ ಜನ ಕಡಿಮೆಯಾಗುವ ಚಿಂತೆ ಹೊಸದಲ್ಲ. ನೂರು ವರ್ಷದ ಹಿಂದೆ ಇಲ್ಲಿ ಚಳಿಜ್ವರ ಮನೆಮನೆಗಳನ್ನೇ ಖಾಲಿ ಮಾಡುತ್ತಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ ಮೈಸೂರು ಸರ್ಕಾರ ಮಲೆನಾಡು ಅಭಿವೃದ್ಧಿಗೆಂದು ಪ್ರತ್ಯೇಕ ಯೋಜನೆ ಹಾಕಿತು; ಇಲ್ಲಿ ಕುಗ್ಗುತ್ತಿದ್ದ ಜನಸಂಖ್ಯೆ ಅದಕ್ಕೊಂದು ಮುಖ್ಯ ಕಾರಣ. 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ರಾಜ್ಯದಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ತೆರೆದಾಗ ಅದರಲ್ಲೊಂದು ಮೂಡಿಗೆರೆಗೆ ಬಂತು.

“ನಮ್ಮಜ್ಜನ ಕಾಲದಲ್ಲಿ ಬಯಲುಸೀಮೆಯವರು ಈ ಕಡೆಗೆ ಹೆಣ್ಣು ಕೊಡೋಕೆ ಹೆದರೋರಂತೆ,” ಎಂದರು ಬೆಳೆಗಾರರು. “ಈಗಲೂ ಕೊಡಲ್ಲ ಬಿಡಿ. ಈಗ ಜ್ವರಕ್ಕಲ್ಲ, ತೋಟದಲ್ಲಿರೋ ಹುಡುಗ ಬೇಡ, ಬೆಂಗಳೂರಲ್ಲಿರೋನೇ ಬೇಕು ಅಂತ.”

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಬೆಳೆಗಾರರು ಹಟ ಬಿಡುವವರಲ್ಲ. ನಮ್ಮ ಒಂದು ಜಿಲ್ಲೆ ಖಾಲಿಯಾದರೆ ಜಗತ್ತು ಖಾಲಿಯಾದಂತಲ್ಲ ಎಂದರು. ಅದು ಸರಿಯಾದ ಮಾತೇ. 1804ರ ಸುಮಾರಿಗೆ ಜಗತ್ತಿನಲ್ಲಿ ನೂರು ಕೋಟಿ ಜನರಿದ್ದರು. ಇನ್ನೂರು ಕೋಟಿಯಾಗಲು 1927ರವರೆಗೆ, ಅಂದರೆ 120ಕ್ಕೂ ಹೆಚ್ಚು ವರ್ಷ ಹಿಡಿಯಿತು. ಏಳುನೂರರಿಂದ ಎಂಟುನೂರು ಕೋಟಿಗೆ ಹಿಡಿದದ್ದು ಹನ್ನೊಂದೇ ವರ್ಷ. 2022ರ ನವೆಂಬರ್ 15ರಂದು ವಿಶ್ವಸಂಸ್ಥೆ ಎಂಟುನೂರು ಕೋಟಿಯ ದಿನ ಎಂದು ಘೋಷಿಸಿತು. ಮರುವರ್ಷವೇ ಭಾರತ ಚೀನಾವನ್ನು ಹಿಂದಿಕ್ಕಿತು. ಈ ವೇಗ ಕಂಡವರಿಗೆ ಎದೆ ಝಲ್ಲೆನ್ನದಿದ್ದರೆ ಆಶ್ಚರ್ಯ.

“ಇಂಗ್ಲೆಂಡಿನ ಮಾಲ್ಥಸ್ ಇದನ್ನೇ ಅಲ್ವಾ ಹೇಳಿದ್ದು? ಅನ್ನ ಕೂಡಿಸಿದ ಹಾಗೆ ಬೆಳೆಯುತ್ತೆ, ಜನ ಗುಣಿಸಿದ ಹಾಗೆ ಬೆಳೀತಾರೆ, ಕೊನೆಗೆ ಹಸಿವು ಬಂದು ಲೆಕ್ಕ ಸರಿಮಾಡುತ್ತೆ ಅಂತ.”

“ಹೇಳಿದ್ದು 1798ರಲ್ಲಿ. ಆಮೇಲೆ ಅವರು ಮೇಷ್ಟ್ರ ಕೆಲಸಕ್ಕೆ ಸೇರಿದ್ದು ಎಲ್ಲಿಗೆ ಗೊತ್ತಾ? ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನ ತಯಾರು ಮಾಡೋಕೆ ಹೇಲಿಬರಿಯಲ್ಲಿ ನಡೆಸ್ತಿದ್ದ ಕಾಲೇಜಿಗೆ. ಅಲ್ಲಿ ಕಲಿತವರೇ ಇಲ್ಲಿಗೆ ಬಂದು ನಮ್ಮನ್ನ ಆಳಿದ್ದು.”

ಆ ಪಾಠದ ಬೆಲೆಯನ್ನು ಮೈಸೂರು ಸೀಮೆ ತೆತ್ತಿದೆ. 1876ರಿಂದ 78ರವರೆಗೆ, ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ, ಸಂಸ್ಥಾನದ ಐದರಲ್ಲೊಂದು ಪಾಲು ಜನ ಸತ್ತರು. 1871ರ ಮೊದಲ ಗಣತಿಯಲ್ಲಿ 50.55 ಲಕ್ಷ ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಬಿದ್ದಿತ್ತು. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ತುಂಬಿದ ಹಡಗುಗಳು ಹೋಗುತ್ತಲೇ ಇದ್ದವು. ದೇಶದಲ್ಲಿ ಧಾನ್ಯವಿತ್ತು, ಕೊಳ್ಳುವ ಕಾಸು ಹಸಿದವರ ಕೈಯಲ್ಲಿರಲಿಲ್ಲ. ಇಷ್ಟು ಸಾವನ್ನು ಪ್ರಕೃತಿಯ ಲೆಕ್ಕವೆಂದು ಒಪ್ಪಿಸುವುದು ದೊಡ್ಡ ಅನ್ಯಾಯ.

“ಸರಿ, ಆಗಿನ ಸರ್ಕಾರ ಕೆಟ್ಟದ್ದು. ಈಗಿನ ಮಾತು ಹೇಳಿ,” ಎಂದು ಬೆಳೆಗಾರರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಎಮರ್ಜೆನ್ಸಿ ಹೊತ್ತಲ್ಲಿ ಹಿಡಿದು ಹಿಡಿದು ಆಪರೇಷನ್ ಮಾಡಿದ್ರು. ತಪ್ಪೇ. ಆದ್ರೆ ಅಷ್ಟು ಮಾಡದೆ ಇದ್ದಿದ್ರೆ ಇವತ್ತು ಎಷ್ಟಾಗ್ತಿದ್ವಿ?”

1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಉತ್ತರದ ಹಳ್ಳಿಗಳಲ್ಲಿ ಗಂಡಸರು ಹೊಲಗಳಲ್ಲಿ ಅಡಗಿ ಮಲಗುವ ದಿನ ಬಂತು. ಆ ಸಿಟ್ಟು 1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಸೋಲಿಸಿದ ಕಾರಣಗಳಲ್ಲಿ ಒಂದು. ಸೋತವರು ಮತ್ತೆ ಲೋಕಸಭೆಗೆ ದಾರಿ ಹುಡುಕಿಕೊಂಡು ಬಂದದ್ದು 1978ರ ನವೆಂಬರಿನಲ್ಲಿ, ಇದೇ ಚಿಕ್ಕಮಗಳೂರಿಗೆ. ಕಾಫಿ ತೋಟದ ಕೂಲಿ ಹೆಂಗಸರು ದಾರಿಯ ಪಕ್ಕ ನಿಂತು ಅವರನ್ನು ನೋಡಿದ್ದನ್ನು ಹೇಳುವ ಅಜ್ಜಿಯರು ಈ ಭಾಗದಲ್ಲಿ ಇನ್ನೂ ಇದ್ದಾರೆ.

ಟೀಚರಿಗೆ ಆ ಕಥೆಗಿಂತ ಹಿಂದಿನದೊಂದು ಹೇಳಬೇಕಿತ್ತು. “ಬಲವಂತ ಮಾಡದೆ ದಾರಿ ತೋರಿಸಿದ್ದು ನಮ್ಮ ಮೈಸೂರೇ. 1930ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೀತು. ಸರ್ಕಾರ ನಡೆಸೋ ಅಂಥ ಕ್ಲಿನಿಕ್ ಜಗತ್ತಲ್ಲೇ ಅದು ಮೊದಲು ಅಂತಾರೆ. ಇಂಗ್ಲೆಂಡು, ಅಮೆರಿಕದವರೆಲ್ಲ ಆಗಿನ್ನೂ ಮುಜುಗರ ಪಡ್ತಿದ್ದರು.”

“ಹಂಗಾದ್ರೆ ಎಲ್ಲ ಸಲೀಸಾಗಿ ಆಯ್ತು ಅನ್ನಿ.”

“ಎಲ್ಲಿ ಸಲೀಸು? ಸ್ವಾತಂತ್ರ್ಯ ಬಂದಮೇಲೆ ರಾಮನಗರದಲ್ಲಿ ಒಂದು ಪ್ರಯೋಗ ಮಾಡಿದ್ರು. ವಿಶ್ವ ಆರೋಗ್ಯ ಸಂಸ್ಥೆಯ ಸಹಾಯ ಇತ್ತು. ಔಷಧಿ ಬೇಡ, ಸಾಧನ ಬೇಡ, ದಿನ ಎಣಿಸಿದ್ರೆ ಸಾಕು ಅಂತ ಹೆಂಗಸರ ಕೈಗೆ ಬಣ್ಣಬಣ್ಣದ ಮಣಿಸರ ಕೊಟ್ರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದ್ರೆ ದೂರ ಇರಬೇಕು, ಇನ್ನೊಂದು ಬಣ್ಣ ಬಂದ್ರೆ ಭಯ ಇಲ್ಲ. ಮಣಿ ಸರಿಸೋದು ಹೆಂಡತಿ ಕೈಲಿತ್ತು. ದೂರ ಇರೋದು ಅವಳೊಬ್ಬಳ ಕೈಲಿತ್ತಾ ಗೌಡ್ರೇ?”

ಬೆಳೆಗಾರರು ನೆಲ ನೋಡಿದರು. ಇಂಥ ಮಾತನ್ನು ಜಗಲಿಯಲ್ಲಿ ಕೂತು ಹೆಂಗಸೊಬ್ಬರು ನೇರವಾಗಿ ಆಡುವುದು ಈ ಊರಲ್ಲಿ ಅಪರೂಪ. ಟೀಚರು ಮುಂದುವರಿಸಿದರು. “ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸ್ಕೊಂಡಿದ್ದಾರೆ. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಗಂಡಸರದ್ದು ಸುಲಭದ ಆಪರೇಷನ್ನು, ಅವತ್ತೇ ಮನೆಗೆ ಹೋಗಬಹುದು. ಆದ್ರೂ ಮಾಡಿಸಲ್ಲ. ಈ ದೇಶದ ಹೆರಿಗೆ ಪ್ರಮಾಣ ಇಳಿಸಿದ್ದು ಯಾರು ಅಂತ ಯಾರಾದ್ರೂ ಕೇಳಿದ್ರೆ ನಾನು ಇವರ ಹೆಸರೇ ಹೇಳೋದು.”

ಇಳಿದದ್ದಂತೂ ಹೌದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 2.0 ಮಕ್ಕಳು. ಕರ್ನಾಟಕದಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ 2.1 ಬೇಕು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಅದು 0.72ಕ್ಕೆ ಕುಸಿದಿದೆ, ಚೀನಾದ ಜನಸಂಖ್ಯೆ 2022ರಿಂದ ಇಳಿಮುಖ. ಜಗತ್ತು 2080ರ ದಶಕದಲ್ಲಿ ಸುಮಾರು 1,030 ಕೋಟಿ ಮುಟ್ಟಿ ಆಮೇಲೆ ನಿಧಾನವಾಗಿ ಇಳಿಯುತ್ತದೆ ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು. ಇಂದು ಜನ ಹೆಚ್ಚುತ್ತಿರುವುದು ಹಿಂದಿನ ಓಟದ ರಭಸದಿಂದ. ಹೆಣ್ಣುಮಕ್ಕಳು ಶಾಲೆಗೆ ಹೋದ ಕಡೆ, ಹುಟ್ಟಿದ ಮಗು ಬದುಕುತ್ತದೆಂಬ ಧೈರ್ಯ ಬಂದ ಕಡೆ, ಯಾರೂ ಲಾಠಿ ಹಿಡಿಯದೆಯೇ ತೊಟ್ಟಿಲು ಕಡಿಮೆಯಾಗಿದೆ.

“ಅಸ್ಸಾಂದು ಎಷ್ಟು?” ಬೆಳೆಗಾರರು ತಟ್ಟನೆ ಕೇಳಿದರು.

“1.9.”

“ಅಂದ್ರೆ ಅಲ್ಲೂ ಇಳಿದಾಯ್ತು. ಜಾರ್ಖಂಡ್?”

“2.3. ಬಿಹಾರ ಇನ್ನೂ 3ರ ಹತ್ತಿರ ಇದೆ.”

ಬೆಳೆಗಾರರು ಎದ್ದು ಕಣದ ಅಂಚಿನವರೆಗೆ ಹೋಗಿ ಬಂದರು. ಈ ತೋಟಗಳಿಗೆ ಆಳು ಯಾವತ್ತೂ ಹೊರಗಿನಿಂದಲೇ ಬಂದದ್ದು. ಮೊದಲು ಘಟ್ಟದ ಕೆಳಗಿನವರು, ತಮಿಳುನಾಡಿನವರು, ಬಯಲುಸೀಮೆಯವರು. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದ ಮೇಲೆ ಜಾರ್ಖಂಡ್, ಬಂಗಾಳ, ಅಸ್ಸಾಂ. ಅಲ್ಲಿಯ ಮಕ್ಕಳೂ ಓದಿದರೆ ಮುಂದಿನ ರೈಲು ಎಲ್ಲಿಂದ? ಇದಕ್ಕೆ ಟೀಚರ ಹತ್ತಿರವೂ ಉತ್ತರವಿರಲಿಲ್ಲ. ಆ ಮಕ್ಕಳು ಓದಲಿ ಎಂದಷ್ಟೇ ಹೇಳಿದರು.

ಅನ್ನದ ವಿಷಯಕ್ಕೆ ಬಂದಾಗ ವಾದ ನಿಜವಾಗಿ ಕಾವೇರಿತು.

ಜಗತ್ತು ಈಗ ವರ್ಷಕ್ಕೆ 280 ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಬೆಳೆಯುತ್ತದೆ. ಎಲ್ಲರಿಗೂ ಸಮನಾಗಿ ಅಳೆದುಕೊಟ್ಟರೆ ತಲೆಗೆ ದಿನಕ್ಕೆ 900 ಗ್ರಾಂ ಮೀರುತ್ತದೆ, ಕೈಗೂಸುಗಳಿಗೂ ಸೇರಿಸಿ. ಅಷ್ಟು ಧಾನ್ಯ ಒಬ್ಬ ಕೂಲಿಕಾರನೂ ತಿನ್ನಲಾರ. ಅದರಲ್ಲಿ ಮೂರರಲ್ಲೊಂದು ಪಾಲು ದನ, ಹಂದಿ, ಕೋಳಿಗಳ ಮೇವಿಗೆ ಹೋಗುತ್ತದೆ. ಮನೆ, ಹೋಟೆಲು, ಅಂಗಡಿಗಳಲ್ಲಿ 2022ರ ಒಂದೇ ವರ್ಷ 105 ಕೋಟಿ ಟನ್ ಆಹಾರ ತಿಪ್ಪೆ ಸೇರಿತು. ಆದರೂ 2024ರಲ್ಲಿ 67 ಕೋಟಿಗೂ ಹೆಚ್ಚು ಜನ ಹಸಿದು ಮಲಗಿದರು. ಭಾರತದ ಲೆಕ್ಕವೂ ಹೀಗೆಯೇ. 1950–51ರಲ್ಲಿ 36 ಕೋಟಿ ಜನಕ್ಕೆ 5 ಕೋಟಿ ಟನ್ ಆಹಾರ ಧಾನ್ಯ. 2023–24ರಲ್ಲಿ 33 ಕೋಟಿ ಟನ್. ಜನ ನಾಲ್ಕು ಪಟ್ಟಾದರು, ಧಾನ್ಯ ಆರು ಪಟ್ಟು ಮೀರಿತು. 1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಬರೆದ ಪುಸ್ತಕ 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆಂದು ಹೇಳಿತ್ತು. ಅವರು ಹೆದರಿಸಿದ ಪ್ರಮಾಣದ ಸಾವು ಬರಲಿಲ್ಲ.

“ಬರಲಿಲ್ಲ, ಒಪ್ಪಿದೆ. ಹೇಗೆ ಬರಲಿಲ್ಲ ಅಂತಲೂ ಹೇಳಬೇಕಲ್ಲ?” ಬೆಳೆಗಾರರ ಧ್ವನಿ ಏರಿತು. “ಪಂಜಾಬಲ್ಲಿ ಮಳೆ ತುಂಬಿಸೋದಕ್ಕಿಂತ ಒಂದೂವರೆ ಪಟ್ಟು ನೀರು ನೆಲದಿಂದ ಎತ್ತುತಾರೆ. ಸಾಲ ಮಾಡಿ ಊಟ ಹಾಕಿದ ಹಾಗೆ ಅದು. ಯೂರಿಯಾ ಇಲ್ಲದೇ ಇದ್ರೆ ಜಗತ್ತಲ್ಲಿ ಅರ್ಧ ಜನಕ್ಕೆ ಊಟ ಇಲ್ಲ ಅಂತಾರೆ. ಆ ಯೂರಿಯಾ ಬರೋದು ಎಲ್ಲಿಂದ? ನೆಲದಡಿ ಗ್ಯಾಸಿಂದ. ಇದು ಎಷ್ಟು ದಿನ ನಡೀತದೆ ಟೀಚರೇ? ನಾನು ಮಣ್ಣು ಮುಟ್ಟಿ ಬದುಕಿದವನು. ಮಣ್ಣು ಸುಸ್ತಾದದ್ದು ನನಗೆ ಗೊತ್ತಾಗುತ್ತೆ.”

ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಟೀಚರೂ ತಳ್ಳಿಹಾಕಲಿಲ್ಲ. ತೋಟದ ಕೆಳಗಿನ ಗದ್ದೆ ಬಯಲನ್ನು ತೋರಿಸಿ ಕೇಳಿದರು: “ಅಲ್ಲಿ ಭತ್ತ ಬೆಳೆದು ಎಷ್ಟು ವರ್ಷ ಆಯ್ತು?”

ಬೆಳೆಗಾರರು ಸುಮ್ಮನಾದರು. ಬಣಕಲ್ ಸುತ್ತಿನ ಎಷ್ಟೋ ಗದ್ದೆಗಳ ಕಥೆ ಅದೇ. ನಾಟಿಗೆ ಹೆಂಗಸರು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಗಿಟ್ಟುವುದಿಲ್ಲ, ಬೆಳೆ ಬಂದರೆ ಆನೆ ಬಿಡುವುದಿಲ್ಲ. ಕೆಲವು ಗದ್ದೆ ಹಡಿಲು ಬಿದ್ದಿವೆ; ಕೆಲವಕ್ಕೆ ಶುಂಠಿ, ಕೆಲವಕ್ಕೆ ಅಡಿಕೆ ಬಂದಿದೆ. ಉಣ್ಣುವ ಅಕ್ಕಿ ಗಂಗಾವತಿಯಿಂದ ಲಾರಿಯಲ್ಲಿ ಬರುತ್ತದೆ, ಪಡಿತರದ್ದು ಇನ್ನೂ ದೂರದಿಂದ. ಪಂಜಾಬಿನ ಅಂತರ್ಜಲ ಬತ್ತುತ್ತಿರುವಾಗ ನೀರು ತುಂಬಿ ಹರಿಯುವ ಈ ಕಣಿವೆಯ ಗದ್ದೆಗಳಲ್ಲಿ ಹುಲ್ಲು ಎದೆಯೆತ್ತರ ನಿಂತಿದೆ. ಇಲ್ಲಿ ಗದ್ದೆ ಬೀಳಾದದ್ದು ಉಣ್ಣುವ ಬಾಯಿ ಹೆಚ್ಚಾಗಿಯಲ್ಲ, ದುಡಿಯುವ ಕೈ ಸಾಲದೆ. ಗದ್ದೆಯಲ್ಲಿ ನಿಲ್ಲುತ್ತಿದ್ದ ನೀರು ನೆಲಕ್ಕೆ ಇಂಗಿ ಹೊಳೆಯನ್ನು ಬೇಸಿಗೆಯಲ್ಲೂ ಜೀವಂತ ಇಡುತ್ತಿತ್ತು. ಭತ್ತ ಬಿಟ್ಟರೆ ಅದೂ ಹೋಗುತ್ತದೆ. ಗದ್ದೆ ಉಳಿಸಿಕೊಂಡವರಿಗೆ ಸರ್ಕಾರ ಕೈಹಿಡಿದು ಬೆಲೆ ಕೊಡಬೇಕು ಎಂದು ಇಬ್ಬರೂ ಒಂದೇ ಉಸಿರಿಗೆ ಒಪ್ಪಿದ್ದು ಆ ಮಧ್ಯಾಹ್ನದ ಮಾತಿನಲ್ಲಿ ಇದೊಂದು ಕಡೆ.

ಭೂಮಿ ಎಷ್ಟು ಜನರನ್ನು ಹೊರಬಲ್ಲದು ಎಂದು ಮೊದಲು ಲೆಕ್ಕ ಹಾಕಿದವರಲ್ಲಿ ಒಬ್ಬರು ಸೂಕ್ಷ್ಮದರ್ಶಕದ ಲೇವೆನ್‌ಹುಕ್. ಬಾಬಾಬುಡನ್ ತಂದ ಏಳು ಕಾಫಿ ಬೀಜಗಳು ಚಂದ್ರದ್ರೋಣ ಬೆಟ್ಟದಲ್ಲಿ ಬೇರು ಬಿಟ್ಟವೆಂದು ಹೇಳುವ ಕಾಲದ ಆಸುಪಾಸಿನಲ್ಲೇ, 1679ರಲ್ಲಿ, ಆತ ತನ್ನ ಹಾಲೆಂಡಿನ ಜನಸಾಂದ್ರತೆಯನ್ನು ಇಡೀ ಭೂಮಿಗೆ ಗುಣಿಸಿ 1,340 ಕೋಟಿ ಎಂದ. ಆಮೇಲೆ ಲೆಕ್ಕ ಹಾಕಿದವರೆಷ್ಟೋ ಜನ. 1995ರಲ್ಲಿ ಜೋಯಲ್ ಕೋಹೆನ್ ಎಂಬ ವಿಜ್ಞಾನಿ ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಉತ್ತರಗಳು ನೂರು ಕೋಟಿಗಿಂತ ಕೆಳಗಿನಿಂದ ಹಿಡಿದು ಒಂದು ಲಕ್ಷ ಕೋಟಿಯ ಮೇಲಿನವರೆಗೂ ಚದುರಿದ್ದವು. ಎಷ್ಟು ಜನ ಎಂಬುದು ಹೇಗೆ ಬದುಕುವ ಜನ ಎಂಬುದರ ಮೇಲೆ ನಿಲ್ಲುತ್ತದೆಯಾದ್ದರಿಂದ ಈ ಲೆಕ್ಕಕ್ಕೆ ಒಂದೇ ಉತ್ತರ ಬರುವಂತಿಲ್ಲ.

ಗಣಿತ ಪಾಠ ಮಾಡಿದ ಟೀಚರಿಗೆ ಅದೇ ಆಟ ಇಲ್ಲಿಗೂ ಆಡಬೇಕೆನಿಸಿತು. “ನಮ್ಮ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 158 ಜನ. ರಾಜ್ಯದ ಸರಾಸರಿ 319, ಬೆಂಗಳೂರು ನಗರ ಜಿಲ್ಲೆಯದ್ದು 4,381. ನಾವು ಖಾಲಿ ಅಂದ್ಕೊಂಡಿದ್ದೀವಿ. ಹಿಮಖಂಡ ಬಿಟ್ಟು ಜಗತ್ತಿನ ನೆಲಕ್ಕೆಲ್ಲ ಜನರನ್ನ ಹಂಚಿದ್ರೆ ಚದರ ಕಿಲೋಮೀಟರಿಗೆ ಅರವತ್ತು ಚಿಲ್ಲರೆ ಬರುತ್ತೆ, ಅಷ್ಟೇ. ನಮ್ಮ ಈ ಖಾಲಿ ಜಿಲ್ಲೆ ಜಗತ್ತಿನ ಎರಡೂವರೆ ಪಟ್ಟು ದಟ್ಟ. ಭೂಮಿಯೆಲ್ಲ ಚಿಕ್ಕಮಗಳೂರಿನ ಹಾಗೆ ತುಂಬಿದ್ರೆ ಎರಡು ಸಾವಿರ ಕೋಟಿ ಜನ ಹಿಡಿಸ್ತಾರೆ.”

“ಎರಡು ಸಾವಿರ ಕೋಟಿ ಜನಕ್ಕೂ ಹೇಮಾವತಿ ಬೇಕಲ್ಲ?”

“ಅದೇ. ಮರುಭೂಮಿಗೆ ಮಲೆನಾಡಿನ ಲೆಕ್ಕ ಹಾಕಿದ್ರೆ ಉತ್ತರ ಬರುತ್ತೆ, ಅರ್ಥ ಬರಲ್ಲ.”

ಬೆಳೆಗಾರರು ಆನೆಯ ಮಾತು ತೆಗೆದರು. 2023ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಆನೆ ಎಲ್ಲಿದೆ ಎಂದು ಮೊಬೈಲ್ ನೋಡುವುದು ರೂಢಿ. ಹೀಗೆ ಕೆಲಸಕ್ಕೆ ಹೋದವರು ಹೆಣವಾಗಿ ಮನೆಗೆ ಬಂದದ್ದೂ ಉಂಟು. ಜನ ಜಾಸ್ತಿಯಾಗಿ ಕಾಡು ಕಿರಿದಾದದ್ದಕ್ಕೇ ಇದೆಲ್ಲ ಎಂಬುದು ಅವರ ವಾದ. ಆದರೆ ಆನೆಗಳ ಕಾಟ ಏರಿದ ಈ ವರ್ಷಗಳಲ್ಲೇ ಜಿಲ್ಲೆಯ ಜನಸಂಖ್ಯೆ ನಿಂತು ಹಿಂದೆ ಸರಿದದ್ದು. ತಲೆ ಹೆಚ್ಚಾಗಲಿಲ್ಲ, ರಸ್ತೆ, ಬೇಲಿ, ಕರೆಂಟು ಲೈನು, ಗುಡ್ಡ ಕಡಿದು ಕಟ್ಟಿದ ರೆಸಾರ್ಟು ಹೆಚ್ಚಾದವು. ಶನಿವಾರ ಬೆಳಗಾದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕಾರುಗಳು ಸಾಲು ನಿಲ್ಲುತ್ತವೆ.

2019ರ ಆಗಸ್ಟಿನಲ್ಲಿ ಈ ಭಾಗದ ಮಲೆಮನೆ, ಮಧುಗುಂಡಿಗಳಲ್ಲಿ ಮಳೆಗೆ ಗುಡ್ಡ ಜಾರಿ ಮನೆ, ತೋಟ, ಗದ್ದೆಗಳ ಮೇಲೆ ಬಿತ್ತು. ಟೀಚರ ಶಿಷ್ಯರಲ್ಲಿ ಒಬ್ಬಳ ಮನೆ ಅದರಲ್ಲಿ ಹೋಯಿತು. “ಆ ಮಳೆ ಹಾಗೆ ಸುರಿಯೋಕೆ ಆಕಾಶಕ್ಕೆ ಹೊಗೆ ಬಿಟ್ಟವರು ಯಾರು? ಅಮೆರಿಕದವನೊಬ್ಬ ವರ್ಷಕ್ಕೆ ಸರಾಸರಿ 14 ಟನ್ ಇಂಗಾಲದ ಡೈಆಕ್ಸೈಡ್ ಬಿಡ್ತಾನೆ, ನಮ್ಮ ದೇಶದವನು 2 ಟನ್. ಜಗತ್ತಿನ ಹೊಗೆಯಲ್ಲಿ ಅರ್ಧ, ಹಣವಂತರಾದ ಹತ್ತರಲ್ಲೊಬ್ಬರದ್ದು. ಮಲೆಮನೆಯವರು ನಾಲ್ಕು ಮಕ್ಕಳು ಹೆತ್ತಿದ್ರೂ, ಒಂದೂ ಹೆರದೆ ಇದ್ದಿದ್ರೂ, ಆ ಲೆಕ್ಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆಗ್ತಿರಲಿಲ್ಲ. ಗುಡ್ಡ ಬಿದ್ದದ್ದು ಅವರ ಮೇಲೆ.”

ಈ ಮಾತು ಹೇಳುವಾಗ ಟೀಚರ ಧ್ವನಿ ಒಡೆದಿತ್ತು. ಬೆಳೆಗಾರರು ವಾದ ಮಾಡಲಿಲ್ಲ. ಜನ ಜಾಸ್ತಿ ಎಂಬ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಜಾಸ್ತಿಯೇ, ಇಲ್ಲಿ ಕಡಿಮೆಯೇ ಎಂದರು. ಅದರಲ್ಲಿ ತಪ್ಪೇನಿಲ್ಲ. ಕೆಲಸ, ಕಾಲೇಜು, ಆಸ್ಪತ್ರೆ ಎಲ್ಲವನ್ನೂ ಒಂದೇ ಊರಿನಲ್ಲಿ ರಾಶಿ ಹಾಕಿದ ಮೇಲೆ ಜನರೂ ಅಲ್ಲೇ ರಾಶಿಯಾಗುತ್ತಾರೆ. ಮೂಡಿಗೆರೆಯಲ್ಲಿ ಹೃದಯದ ಡಾಕ್ಟರೊಬ್ಬರು ನೆಲೆಸಿದರೆ ಎಷ್ಟು ಮುದುಕರು ಮಕ್ಕಳ ಫ್ಲಾಟಿಗೆ ಹೋಗದೆ ತಮ್ಮ ಮನೆಯಲ್ಲೇ ಉಳಿದಾರು ಎಂಬ ಲೆಕ್ಕವನ್ನು ಯಾವ ಸಮೀಕ್ಷೆಯೂ ಮಾಡಿಲ್ಲ.

ಈಗ ಗಾಳಿ ತಿರುಗಿಯೂ ಬೀಸುತ್ತಿದೆ. ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರಲ್ಲಿ ಹೆಚ್ಚು ಮಕ್ಕಳನ್ನು ಹೆರಿ ಎಂದು ಕರೆ ಕೊಟ್ಟರು. ಲೋಕಸಭಾ ಸೀಟುಗಳ ಹಂಚಿಕೆ ಇನ್ನೂ 1971ರ ಗಣತಿಯ ಮೇಲೆ ನಿಂತಿದೆ. ಅದನ್ನು ಹೊಸ ಲೆಕ್ಕಕ್ಕೆ ಹೊಂದಿಸಿದರೆ ಕುಟುಂಬ ಚಿಕ್ಕದು ಮಾಡಿಕೊಂಡ ದಕ್ಷಿಣಕ್ಕೆ ನಷ್ಟ ಎಂಬ ಭಯ ನಿರಾಧಾರವಲ್ಲ. ಅದಕ್ಕೆ ಹೆರಿಗೆಯ ಪರಿಹಾರ ಹೇಳುವುದು ಮಾತ್ರ ಒಪ್ಪುವಂಥದ್ದಲ್ಲ. “ಬೇಡ ಅಂದಾಗಲೂ ನಮ್ಮ ಹೊಟ್ಟೆ, ಬೇಕು ಅಂದಾಗಲೂ ನಮ್ಮ ಹೊಟ್ಟೆ,” ಎಂದು ಟೀಚರು ಆ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಕಣದ ಹೆಂಗಸು ಕಾಫಿಯನ್ನು ಗುಡ್ಡೆ ಮಾಡಿ, ಇಬ್ಬನಿ ಬೀಳದಂತೆ ಟಾರ್ಪಾಲು ಎಳೆಯತೊಡಗಿದಳು. ಟೀಚರು ಹೋಗಿ ಇನ್ನೊಂದು ತುದಿ ಹಿಡಿದರು. ತಮಗೆ ಬರುವ ಅರ್ಧಂಬರ್ಧ ಹಿಂದಿಯಲ್ಲಿ ಮಕ್ಕಳೆಷ್ಟು ಎಂದು ಕೇಳಿದರು. ಇಬ್ಬರು, ಊರಿನಲ್ಲಿ ಅತ್ತೆಯ ಹತ್ತಿರ ಇದ್ದಾರೆ, ದೊಡ್ಡವಳು ಆರನೇ ಕ್ಲಾಸು ಎಂದಳು. ಕುಯ್ಲು ಮುಗಿದ ಮೇಲೆ ಹೋಗುತ್ತಾಳಂತೆ.

ವಾಪಸು ಬಂದ ಟೀಚರು ಬೆಳೆಗಾರರಿಗೆ ಹೇಳಿದರು: “2027ರ ಫೆಬ್ರುವರಿಯಲ್ಲಿ ತಲೆ ಎಣಿಸೋಕೆ ಬರ್ತಾರೆ. ಆಗಲೂ ಇವಳಂಥವರು ನಿಮ್ಮ ಲೈನಲ್ಲಿ ಇರ್ತಾರೆ. ಇವರ ಹೆಸರು ಬರೆಸ್ತೀರಾ?”

“ಅವರದ್ದು ಅವರ ಊರಲ್ಲಿ ಬರ್ಕೋತಾರೆ ಬಿಡಿ.”

“ಇಲ್ಲ ಗೌಡ್ರೇ. ಎಣಿಕೆ ನಡೆಯೋ ದಿನಗಳಲ್ಲಿ ಪೂರ್ತಿ ಊರಿಂದ ಹೊರಗೇ ಇದ್ದವರನ್ನ ಎಲ್ಲಿ ಸಿಗ್ತಾರೋ ಅಲ್ಲೇ ಬರೀಬೇಕು. ಮೂರು ಸಲ ಟ್ರೈನಿಂಗ್ ತಗೊಂಡಿದ್ದೀನಿ, ನನಗೆ ಗೊತ್ತು. ಇಲ್ಲಿ ಬಿಟ್ರೆ ಎಲ್ಲೂ ಇರಲ್ಲ ಅವರು.”

ಹದಿನಾರು ವರ್ಷಗಳ ನಂತರ ನಡೆಯುವ ಈ ಗಣತಿಗೆ 2027ರ ಮಾರ್ಚ್ 1ರ ಮಧ್ಯರಾತ್ರಿಯನ್ನು ಲೆಕ್ಕದ ಗಡಿಯಾಗಿ ಕೇಂದ್ರ ಸರ್ಕಾರ ಗೊತ್ತುಮಾಡಿದೆ. ಫೆಬ್ರುವರಿ ಎಂದರೆ ಮಲೆನಾಡಿನಲ್ಲಿ ರೊಬಸ್ಟಾ ಕುಯ್ಲು ಇನ್ನೂ ನಡೆಯುವ ತಿಂಗಳು. ಲೈನ್ ಮನೆಗಳು ತುಂಬಿರುತ್ತವೆ. ಮೂಡಿಗೆರೆ, ಕಳಸ, ಕೊಪ್ಪ, ಸಕಲೇಶಪುರ, ಕೊಡಗಿನ ತೋಟದವರಲ್ಲಿ ಒಂದು ಕೋರಿಕೆ: ಗಣತಿಯವರು ಗೇಟಿಗೆ ಬಂದಾಗ ಬಂಗಲೆಯ ಹೆಸರುಗಳನ್ನು ಬರೆಸಿ ಕಳಿಸಿಬಿಡಬೇಡಿ. ಜೊತೆಗೆ ನಡೆದು ಲೈನಿನ ಕೊನೆಯ ಬಾಗಿಲವರೆಗೂ ಕರೆದುಕೊಂಡು ಹೋಗಿ.